ಹಾಳೆರಾಯರೂ ನಂಬರಿಲ್ಲದ ಚಿಪ್ಪೂ

ಹಾಳೆರಾಯರು ಎಂಬುದು ತಾಯಿತಂದೆ ಇಟ್ಟ ಹೆಸರಲ್ಲ. ಕಾಗದ ಬರೆದು ಸಹಾಯ ಪಡೆದವರು ಇಟ್ಟದ್ದು. ಹಳೆಯ ಯಂತ್ರಗಳ ಹೊಟ್ಟೆಯೊಳಗೆ ಜಿರಳೆಯ ಹಾಗೆ ಕಾಲು ಚಾಚಿ ಕುಳಿತಿರುವ ಕಪ್ಪು ಚಿಪ್ಪುಗಳನ್ನು ನೀವು ನೋಡಿರಬಹುದು. ಒಂದೊಂದರ ಬೆನ್ನ ಮೇಲೂ ಒಂದು ನಂಬರು. ಆ ನಂಬರಿಗೊಂದು ವಿವರದ ಹಾಳೆ: ಯಾವ ಕಾಲು ಏನು ಮಾಡುತ್ತದೆ, ಎಷ್ಟು ವಿದ್ಯುತ್ತು ತಾಳುತ್ತದೆ, ಯಾವುದನ್ನು ಯಾವುದಕ್ಕೆ ಜೋಡಿಸಬೇಕು, ಎಲ್ಲವೂ ಅದರಲ್ಲಿ ಇರುತ್ತದೆ. ಕಾಲಕ್ರಮದಲ್ಲಿ ಚಿಪ್ಪು ಮಾಡಿದ ಕಂಪನಿ ಮುಚ್ಚುತ್ತದೆ, ಹಾಳೆ ರದ್ದಿಗೆ ಹೋಗುತ್ತದೆ. ಯಂತ್ರ ಮಾತ್ರ ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ಉಸಿರಾಡುತ್ತಿರುತ್ತದೆ. ಅದು ಕೆಟ್ಟ ದಿನ ಅದರ ಯಜಮಾನನು ದಿಕ್ಕುಗೆಟ್ಟು ಹುಡುಕುತ್ತಾನೆ. ಹುಡುಕಿ ಸೋತವನಿಗೆ ಯಾರೋ ಒಬ್ಬರು ಹೇಳುತ್ತಾರೆ: "ಒಬ್ಬರು ಇದ್ದಾರೆ, ಬರೆದು ನೋಡಿ. ಅವರ ಹತ್ತಿರ ಇಲ್ಲ ಅಂದ್ರೆ ಎಲ್ಲೂ ಇಲ್ಲ."

ಹಾಗೆ ಬಂದ ಕಾಗದಕ್ಕೆ ಹಾಳೆರಾಯರು ಎಂಟು ದಿನದೊಳಗೆ ಉತ್ತರ ಕೊಡುತ್ತಿದ್ದರು. ಹಾಳೆಯ ಪ್ರತಿಯನ್ನು ತೆಗೆಸಿ, ನಾಲ್ಕು ಮಡಿಕೆ ಮಡಿಸಿ, ಲಕೋಟೆಗೆ ಹಾಕಿ, ಕೇಳಿದವರು ನಂಬರಿನಲ್ಲಿ ಒಂದಂಕಿ ತಪ್ಪಿ ಬರೆದಿದ್ದರೆ ಅವರ ಕಾಗದವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಜೊತೆಗಿಡುತ್ತಿದ್ದರು. ದೂರದ ಊರಿನ ಒಬ್ಬ ವಾದ್ಯ ರಿಪೇರಿಯವನು, ಆಟಿಕೆ ಸಂಗ್ರಹಿಸುವ ಒಬ್ಬ ದಂತವೈದ್ಯ, ಕಾಲುಚೀಲ ಹೆಣೆಯುವ ಯಂತ್ರವಿಟ್ಟ ಅಣ್ಣತಮ್ಮಂದಿರು, ಹೀಗೆ ಮುಖ ಕಾಣದ ಎಷ್ಟೋ ಜನ ಅವರಿಗೆ ಋಣಿಗಳಾಗಿದ್ದರು. ಅವರು ಬರೆದ ಧನ್ಯವಾದದ ಕಾಗದಗಳಿಗೂ ಒಂದು ಕಡತ ಇತ್ತು. ಬೇಸರವಾದಾಗ ರಾಯರು ಅದನ್ನು ತೆಗೆದು ಓದಿಕೊಳ್ಳುತ್ತಿದ್ದರು. ಯಾರಾದರೂ ನೋಡಿದರೆ ದೂಳು ಒರೆಸುವವರಂತೆ ನಟಿಸುತ್ತಿದ್ದರು.

ಐದಂತಸ್ತಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಅವರ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮೂರು ಕಬ್ಬಿಣದ ಬೀರು. ಮೊದಲನೆಯ ಬೀರುವಿನ ಮೇಲೆ ದುಂಡಗಿನ ಅಕ್ಷರದಲ್ಲಿ "ಎಲ್ಲಿಯೂ ಸಿಗದವು" ಎಂದು ಚೀಟಿ. ಎರಡನೆಯದರ ಮೇಲೆ "ಕಷ್ಟಪಟ್ಟರೆ ಸಿಗುವವು". ಮೂರನೆಯದರ ಮೇಲೆ "ವಿಚಾರಿಸಿದರೆ ಸಿಗುವವು". ಈ ಮೂರರಲ್ಲೂ ಜಾಗ ಸಿಗದ ಒಂದು ದೊಡ್ಡ ಗಂಟು ಬಚ್ಚಲುಮನೆಯ ಅಟ್ಟದಲ್ಲಿತ್ತು. ಅದರ ಮೇಲಿನ ಚೀಟಿ: "ಎಲ್ಲರಿಗೂ ಗೊತ್ತಿರುವವು". ಹದಿನೈದು ವರ್ಷದಿಂದ ಅದರ ಹಗ್ಗ ಬಿಚ್ಚಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬಿಚ್ಚಿ ನೋಡುವುದು ರಾಯರ ಅಂತಸ್ತಿಗೆ ತಕ್ಕದ್ದಾಗಿರಲಿಲ್ಲ.

ಮನೆಯಲ್ಲಿ ಅವರ ಜೊತೆಗಿದ್ದವಳು ಅಕ್ಕ. ತಮ್ಮನಿಗೆ ಅರವತ್ತೊಂಬತ್ತು, ಅಕ್ಕನಿಗೆ ಎಪ್ಪತ್ತನಾಲ್ಕು. ಅತ್ತ ಭಾವ ಹೋದ ಮೇಲೆ, ಇತ್ತ ಹೆಂಡತಿ ಹೋದ ಮೇಲೆ, ಇಬ್ಬರೂ ಎರಡು ಕಡೆ ಒಲೆ ಹಚ್ಚುವುದೇಕೆಂದು ಒಂದಾಗಿದ್ದರು. ಅದೇ ಕಟ್ಟಡದ ನೆಲಮಹಡಿಯಲ್ಲಿ ಅಕ್ಕನದೊಂದು ಗುಂಡಿಯ ಅಂಗಡಿ. ಅಂಗಿಯ ಗುಂಡಿ, ಕೋಟಿನ ಗುಂಡಿ, ದಾರ, ಜಿಪ್ಪು, ಕೊಕ್ಕೆ. ನಲವತ್ತು ವರ್ಷದ ಅಂಗಡಿ. ಅಲ್ಲಿ ಯಾವ ಡಬ್ಬಿಯ ಮೇಲೂ ಒಂದಕ್ಷರ ಬರೆದಿರಲಿಲ್ಲ. ದರ್ಜಿಯು ಬಟ್ಟೆಯ ತುಂಡೊಂದನ್ನು ಚಾಚಿದರೆ ಸಾಕು, ಅಕ್ಕ ಹಿಂದೆ ತಿರುಗದೆಯೇ ಕೈ ಹಿಂದಕ್ಕೆ ಚಾಚಿ ಸರಿಯಾದ ಡಬ್ಬಿಯನ್ನು ಎಳೆಯುತ್ತಿದ್ದಳು.

ತಮ್ಮನ ಕಾಗದದ ರಾಶಿಯನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

"ನಿನ್ನ ಮಂಚದ ಕೆಳಗೂ ಕಾಗದ, ನನ್ನ ಮಂಚದ ಕೆಳಗೂ ಕಾಗದ. ಒಂದು ಬೆಂಕಿಕಡ್ಡಿ ಬಿದ್ರೆ ಇಬ್ರಿಗೂ ಬೇರೆ ಸೌದೆ ಬೇಡ ಕಣೋ."

"ಅಕ್ಕ, ಅದು ಕಾಗದ ಅಲ್ಲ. ಜ್ಞಾನ."

"ಜ್ಞಾನಕ್ಕೆ ಇಷ್ಟೊಂದು ಜಿರಳೆ ಬರತ್ತೇನೋ?"

ಇಂಥ ಮಾತುಕತೆಯಲ್ಲಿ ಸುಖವಾಗಿ ಸಾಗಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು ಲಿಫ್ಟಿನಿಂದ. ಒಂದು ಮಂಗಳವಾರ ಬೆಳಗ್ಗೆ ಲಿಫ್ಟು ಎರಡನೆಯ ಮಹಡಿಗೂ ಮೂರನೆಯ ಮಹಡಿಗೂ ನಡುವೆ ನಿಂತಿತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ಅಕ್ಕನಿಗೆ ಹಿಂದಿನ ವರ್ಷ ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು; ಮೆಟ್ಟಿಲು ಹತ್ತಿಳಿಯಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಮೂರನೆಯ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ರಾಯರೂ ಪಕ್ಕದ ಮನೆಯವರೂ ಹೊತ್ತು ಕೆಳಗಿಳಿಸುವ ಪ್ರಯತ್ನ ನಡೆಯಿತು. ಅರ್ಧ ಮಹಡಿ ಇಳಿಯುವಷ್ಟರಲ್ಲಿ ರಾಯರ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಕಂಡ ಅಕ್ಕ, "ನಿಲ್ಸಿ, ಇವನು ಬಿದ್ರೆ ಇವನನ್ನ ಹೊರೋರು ಯಾರು?" ಎಂದು ತಾನೇ ಕುರ್ಚಿಯನ್ನು ವಾಪಸು ತಿರುಗಿಸಲು ಹೇಳಿದಳು.

ಆಮೇಲೆ ರಾಯರೇ ಒಂದು ದಿನ ಅಂಗಡಿ ತೆರೆದರು. ಮೊದಲು ಬಂದ ದರ್ಜಿಯನ್ನು "ಗುಂಡಿಯ ವ್ಯಾಸ ಎಷ್ಟು ಮಿಲಿಮೀಟರು?" ಎಂದು ಕೇಳಿದರು. ಅವನು ಕೋಟು ತೋರಿಸಿದ. ರಾಯರು ಅಳತೆಪಟ್ಟಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಡಬ್ಬಿಗಳಿಗೆ ಚೀಟಿ ಅಂಟಿತ್ತು, ಒಂದು ಗುಂಡಿಯೂ ಮಾರಾಟವಾಗಿರಲಿಲ್ಲ. ಸುದ್ದಿ ಮೇಲಕ್ಕೆ ಮುಟ್ಟಿತು. "ನೀನು ತೆರೆಯೋದಕ್ಕಿಂತ ಬೀಗ ಹಾಕೋದೇ ವಾಸಿ," ಎಂದು ಅಕ್ಕ ಬೀಗದ ಕೈಯನ್ನು ಕಿತ್ತುಕೊಂಡಳು.

ಲಿಫ್ಟು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ನಲವತ್ತರ ಆಸುಪಾಸಿನ ಸಾವಧಾನದ ಮನುಷ್ಯ. ಮೇಲಿನ ಯಂತ್ರದ ಕೋಣೆಯಿಂದ ಒಂದು ಬೋರ್ಡನ್ನು ಬಿಚ್ಚಿಕೊಂಡು ನೇರವಾಗಿ ರಾಯರ ಮನೆಗೆ ಬಂದ.

"ಸಾರ್, ಇದೊಂದು ಚಿಪ್ಪು ಸತ್ತಿದೆ. ನೋಡಿ, ನಡುಬೆನ್ನಲ್ಲಿ ತೂತು ಬಿದ್ದಿದೆ. ಉಳಿದದ್ದೆಲ್ಲ ಚೆನ್ನಾಗಿದೆ. ಆದ್ರೆ ಇದರ ನಂಬರನ್ನ ಯಾವನೋ ಪುಣ್ಯಾತ್ಮ ಕೆರೆದು ಹಾಕಿದ್ದಾನೆ."

ರಾಯರು ಭೂತಗನ್ನಡಿ ಹಿಡಿದು ನೋಡಿದರು. ಓರೆಯಾಗಿ ಮೂರು ಗೀರು, ಮೇಲೆ ನಯವಾಗಿ ಉಜ್ಜಿದ ಗುರುತು, ಬಲಮೂಲೆಯಲ್ಲಿ ಹಸಿರು ಬಣ್ಣದ ಒಂದು ಚುಕ್ಕೆ. ಅವರ ಮುಖ ಅರಳಿತು.

"ಎಷ್ಟು ಚೆನ್ನಾಗಿ ಕೆರೆದಿದೆ, ನೋಡಿದೆಯಾ? ಒಂದಂಕಿಯ ನೆರಳೂ ಉಳಿದಿಲ್ಲ."

"ಹೌದು ಸಾರ್. ಕೈ ಸಿಕ್ಕಿದ್ರೆ ಮುರೀತಿದ್ದೆ."

"ಈ ಕೈಯೇ," ಎಂದರು ರಾಯರು, ಸಂಕೋಚವಿಲ್ಲದೆ ಬಲಗೈ ಮುಂದೆ ಚಾಚಿ.

ವಿಷಯ ಇಷ್ಟೆ. ರಾಯರು ಇಪ್ಪತ್ತೆರಡು ವರ್ಷ ದುಡಿದದ್ದು ಲಿಫ್ಟುಗಳ ನಿಯಂತ್ರಣ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ. ದಾಖಲೆಗಳ ಕೋಣೆಯ ಗುಮಾಸ್ತರಾಗಿ. ಎದುರಾಳಿ ಕಂಪನಿಗಳು ನಕಲು ಮಾಡದಿರಲೆಂದು ಮುಖ್ಯ ಎಂಜಿನಿಯರು ಒಂದು ಪದ್ಧತಿ ಹಾಕಿದ್ದರು: ಪೆಟ್ಟಿಗೆ ಹೊರಗೆ ಹೋಗುವ ಮುನ್ನ ಮುಖ್ಯವಾದ ಚಿಪ್ಪುಗಳ ನಂಬರನ್ನು ಕೆರೆದು ಹಾಕಬೇಕು. ಕೆಲಸ ಗುಟ್ಟಿನದಾದ್ದರಿಂದ ನಂಬಿಕಸ್ಥನೇ ಬೇಕಿತ್ತು. ರಾಯರು ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ದಿನಾ ಊಟದ ನಂತರ ಎರಡು ಗಂಟೆ ಉಜ್ಜುಕಾಗದ ಹಿಡಿದು ಕೂರುತ್ತಿದ್ದರು. ಅವರು ಎಂಜಿನಿಯರರಲ್ಲ, ಎದುರಿಗೆ ಬಂದ ತಟ್ಟೆಯಲ್ಲಿನ ಚಿಪ್ಪುಗಳ ನಂಬರನ್ನು ಓದುವುದೂ ಸಲ್ಲದೆಂದು ಅಷ್ಟುಹೊತ್ತು ಕನ್ನಡಕ ತೆಗೆದಿಡುತ್ತಿದ್ದರು. ಪ್ರಾಮಾಣಿಕತೆ ಎಂದರೆ ಅದು!

"ಹಾಗಾದ್ರೆ ಸುಲಭ ಆಯ್ತಲ್ಲ ಸಾರ್. ಯಾವ ಬಣ್ಣದ ಚುಕ್ಕೆ ಯಾವ ಚಿಪ್ಪು ಅಂತ ಎಲ್ಲಾದ್ರೂ ಬರೆದಿಟ್ಟಿರ್ತಾರಲ್ಲ?"

"ಒಂದು ಪುಸ್ತಕ ಇತ್ತು. ನನ್ನ ವಶದಲ್ಲೇ ಇತ್ತು. ತೆರೆದು ಓದುವ ಅಧಿಕಾರ ಮಾತ್ರ ಇರಲಿಲ್ಲ."

"ಎಲ್ಲಿದೆ ಈಗ?"

"ಕಾರ್ಖಾನೆ ಮುಚ್ಚಿದ ದಿನ ನಾಶಪಡಿಸಲು ಆಜ್ಞೆ ಬಂತು. ಪಡಿಸಿದೆ."

ಆ ಕೊನೆಯ ದಿನ ಕಾರ್ಖಾನೆಯ ವಿವರದ ಹಾಳೆಗಳ ಭಂಡಾರವನ್ನೇ ರದ್ದಿಯವನಿಗೆ ಹಾಕಿದ್ದರು. ರಾಯರು ಆರು ಬಾರಿ ಓಡಾಡಿ ಅದನ್ನೆಲ್ಲ ಮನೆಗೆ ಸಾಗಿಸಿದ್ದರು. ಆ ಪುಸ್ತಕವೊಂದನ್ನು ಮಾತ್ರ ಕತ್ತರಿಯಿಂದ ಎಳೆಎಳೆಯಾಗಿ ಕತ್ತರಿಸಿ, ಬಕೆಟ್ಟಿನಲ್ಲಿ ನೆನೆಹಾಕಿ, ಗಂಜಿಯಾಗುವವರೆಗೆ ಕೋಲಿನಿಂದ ಕಲಸಿದ್ದರು. "ಸಮರ್ಪಕವಾಗಿ ನಾಶಪಡಿಸಲಾಗಿದೆ" ಎಂಬ ಪ್ರಮಾಣಪತ್ರವಿತ್ತು. ಬೇಕಾದರೆ ತೋರಿಸುವೆನೆಂದರು. ಮೆಕ್ಯಾನಿಕ್ ಬೇಡವೆಂದ.

ಅವನು ಬೋರ್ಡಿನ ಮೇಲಿನ ತಂತಿಗಳ ಜಾಡನ್ನು ಹಿಡಿದು ಒಂದು ಚೀಟಿಯಲ್ಲಿ ಚಿತ್ರ ಬರೆದ. ಒಟ್ಟು ಹದಿನೆಂಟು ಕಾಲು. ಎಡಗಡೆ ಎಂಟು ತಂತಿ ಒಳಗೆ ಬರುತ್ತವೆ. ಅವುಗಳ ಎದುರೆದುರಿಗೇ ಬಲಗಡೆ ಎಂಟು ಹೊರಟು ಮೋಟರನ್ನು ಓಡಿಸಿ ನಿಲ್ಲಿಸುವ ಸ್ವಿಚ್ಚುಗಳಿಗೆ, ಅಂದರೆ ರಿಲೇಗಳಿಗೆ ಹೋಗುತ್ತವೆ. ಉಳಿದ ಎರಡರಲ್ಲಿ ಒಂದು ಭೂಮಿಯ ತಂತಿಗೆ, ಇನ್ನೊಂದು ರಿಲೇಗಳ ವಿದ್ಯುತ್ತಿಗೆ.

"ಸಾರ್, ನಂಗೇನೋ ಇದು ಮಾಮೂಲಿ ಚಿಪ್ಪು ಅನ್ನಿಸ್ತಿದೆ. ಒಂದು ಹಾಕಿ ನೋಡ್ಲಾ?"

ರಾಯರು ಮೂಗು ಮುರಿದರು. "ಮಾಮೂಲಿಯಾಗಿದ್ದರೆ ಕೆರೆಸುತ್ತಿದ್ದರೇನಯ್ಯ? ಇಪ್ಪತ್ತೆರಡು ವರ್ಷ? ನನ್ನ ಕೈಯಲ್ಲಿ? ತಪ್ಪಾಗಿ ಹಾಕಿದರೆ ಬೋರ್ಡೇ ಸುಟ್ಟುಹೋಗುತ್ತದೆ. ಇನ್ನೊಂದು ಬೋರ್ಡು ಈ ಭೂಮಿಯ ಮೇಲಿಲ್ಲ."

ಕೊನೆಯ ಮಾತು ನಿಜವಾಗಿದ್ದರಿಂದ ಮೆಕ್ಯಾನಿಕ್ ಹಿಂಜರಿದ. ರಾಯರು ಮೊದಲನೆಯ ಬೀರುವನ್ನು ತೆರೆದರು.

ಒಂದು ವಾರ ಕಳೆಯಿತು, ಎರಡಾಯಿತು. "ಎಲ್ಲಿಯೂ ಸಿಗದವು" ಮುಗಿದು "ಕಷ್ಟಪಟ್ಟರೆ ಸಿಗುವವು" ಆರಂಭವಾಯಿತು. ಮೂರೇ ವರ್ಷ ತಯಾರಾಗಿ ನಿಂತುಹೋದ ಚಿಪ್ಪುಗಳು, ಯಾವುದೋ ಒಂದೇ ದೇಶದ ಸೈನ್ಯ ಬಳಸಿದ ಚಿಪ್ಪುಗಳು, ಕಂಪನಿಯವರೇ ಮರೆತ ಚಿಪ್ಪುಗಳು. ಒಂದಕ್ಕೂ ಮೆಕ್ಯಾನಿಕ್ ಬರೆದ ಚಿತ್ರ ಹೊಂದಲಿಲ್ಲ. ಹೊಂದದಷ್ಟೂ ರಾಯರಿಗೆ ಒಳಗೊಳಗೇ ಹೆಮ್ಮೆ ಏರುತ್ತಿತ್ತು. ಇಷ್ಟು ಹುಡುಕಿದರೂ ಸಿಗದ ಚಿಪ್ಪೆಂದರೆ ಅದೆಂಥ ರಹಸ್ಯವಿರಬೇಕು! ಅಂಥದ್ದನ್ನು ತಾನೊಬ್ಬನೇ ಕಾಪಾಡಿದೆನಲ್ಲ!

ಐದನೆಯ ವಾರ ಕಟ್ಟಡದ ಸಂಘದ ಕಾರ್ಯದರ್ಶಿ ಮೇಲೆ ಬಂದರು. ಅವರ ಮನೆ ಮೊದಲನೆಯ ಮಹಡಿ. ಅವರ ಪಾಲಿಗೆ ಲಿಫ್ಟು ಒಂದು ಆಡಂಬರ.

"ರಾಯರೇ, ಭಾನುವಾರ ಸಭೆ ಇದೆ. ಲಿಫ್ಟಿನ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿಬಿಡೋಣ ಅಂತ ಹೆಚ್ಚಿನವರ ಅಭಿಪ್ರಾಯ. ಮೆಟ್ಟಿಲು ಹತ್ತಿದ್ರೆ ಆರೋಗ್ಯಕ್ಕೂ ಒಳ್ಳೇದು. ಅಮ್ಮನವರ ಅಂಗಡಿಗೂ ಒಬ್ಬರು ಕೇಳ್ತಿದ್ದಾರೆ, ಮೊಬೈಲ್ ಕವರ್ ಇಡೋಕೆ. ಹೇಗೂ ಬೀಗ ಹಾಕೇ ಇದೆಯಲ್ಲ."

"ಯಾರು ಕೇಳ್ತಿರೋದು?" ಅಕ್ಕ ಒಳಗಿನಿಂದಲೇ ಕೇಳಿದಳು.

"ನಮ್ಮ ಭಾವಮೈದ ಅಮ್ಮ."

"ಅವನ ಆರೋಗ್ಯ ಚೆನ್ನಾಗಿದ್ರೆ ಐದನೇ ಮಹಡೀಲಿ ಅಂಗಡಿ ಇಡೋಕೆ ಹೇಳಿ. ದಿನಾ ಹತ್ತಲಿ."

ಕಾರ್ಯದರ್ಶಿಗಳು ನಕ್ಕಹಾಗೆ ಮಾಡಿ ಇಳಿದುಹೋದರು. ಆದರೆ ಅವರು ಹೋದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡಳು. ಕಿಟಕಿಯ ಬಳಿ ಕುಳಿತು ಕೆಳಗೆ ನೋಡುತ್ತಿದ್ದಳು. ಅಲ್ಲಿಂದ ಅಂಗಡಿ ಕಾಣುತ್ತಿರಲಿಲ್ಲ. ಅಂಗಡಿಯ ಮುಂದೆ ಬಂದು, ಬೀಗ ನೋಡಿ, ತಿರುಗಿಹೋಗುವವರ ತಲೆಗಳು ಮಾತ್ರ ಕಾಣುತ್ತಿದ್ದವು.

"ಏನೋ," ಎಂದಳು ಕೊನೆಗೆ, "ಸಿಗತ್ತೇನೋ ಆ ಹಾಳೆ?"

ಅಕ್ಕ ಅಷ್ಟು ಮೆತ್ತಗೆ ಮಾತಾಡಿದ್ದನ್ನು ರಾಯರು ಭಾವ ಹೋದಾಗಲೂ ಕೇಳಿರಲಿಲ್ಲ. "ಇನ್ನೊಂದು ಬೀರು ಇದೆ ಅಕ್ಕ," ಎಂದರು.

ಮಾರನೆಯ ಬೆಳಗ್ಗೆ ರಾಯರು ಯಾರೋ ಹಳೆಯ ಸಹೋದ್ಯೋಗಿಯನ್ನು ವಿಚಾರಿಸಲೆಂದು ಹೊರಗೆ ಹೋದರು. ಆ ಸಹೋದ್ಯೋಗಿಗೆ ಕಾರ್ಖಾನೆಯ ಹೆಸರೇ ನೆನಪಿರಲಿಲ್ಲ. ಮಧ್ಯಾಹ್ನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಾಗಿಲು ತೆಗೆದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮೂರು ಬೀರುಗಳೂ ಬಾಯ್ತೆರೆದಿದ್ದವು. ನೆಲದ ತುಂಬ ಹಾಳೆಗಳ ಗುಡ್ಡೆಗಳು. ನಡುವೆ ಕುರ್ಚಿ ಹಾಕಿ ಅಕ್ಕ ಕುಳಿತಿದ್ದಳು. ಯಂತ್ರದ ಕೋಣೆಗೆಂದು ತಂದಿಟ್ಟಿದ್ದ ಏಣಿಯನ್ನು ವಾಪಸು ಒಯ್ಯಲು ಬಂದಿದ್ದ ಮೆಕ್ಯಾನಿಕ್ಕನನ್ನು ಹಿಡಿದು ಬಚ್ಚಲುಮನೆಯ ಅಟ್ಟದ ಗಂಟನ್ನೂ ಇಳಿಸಿಕೊಂಡಿದ್ದಳು.

"ಅಕ್ಕಾ! ಏನಿದು? ಮೂವತ್ತು ವರ್ಷದ ವ್ಯವಸ್ಥೆ!"

"ಎಂಥ ವ್ಯವಸ್ಥೆಯೋ? ಸಿಗದವು, ಸಿಗುವವು ಅಂತ. ಗುಂಡಿ ಕೇಳೋಕೆ ಬಂದವಳಿಗೆ ಇದು ಸಿಗತ್ತೆ, ಇದು ಸಿಗಲ್ಲ ಅಂತ ಜೋಡಿಸಿಟ್ಕೊಂಡು ಕೂತಿರ್ತಾರಾ? ಎಷ್ಟು ತೂತಿನ ಗುಂಡಿ, ಎಷ್ಟು ಅಗಲ, ಅಷ್ಟೇ ನೋಡೋದು. ಇದಕ್ಕೆ ಕಾಲಿದೆ. ಎಂಟು ಕಾಲಿನವು ಅಲ್ಲಿ, ಹದಿನಾಲ್ಕು ಕಾಲಿನವು ಮಂಚದ ಮೇಲೆ, ಹದಿನಾರು ಅಡುಗೆಮನೇಲಿ."

"ಅಟ್ಟದ್ದು ಯಾಕೆ ಇಳಿಸಿದೆ? ಅದು ಎಲ್ಲರಿಗೂ ಗೊತ್ತಿರುವವು."

"ನನಗೆ ಗೊತ್ತಿರಲಿಲ್ಲವಲ್ಲ," ಎಂದಳು ಅಕ್ಕ.

ಅವಳ ತೊಡೆಯ ಮೇಲೆ ಹದಿನೆಂಟು ಕಾಲಿನ ಗುಡ್ಡೆಯಿತ್ತು. ಮೆಕ್ಯಾನಿಕ್ಕನ ಚೀಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದೊಂದೇ ಹಾಳೆ ತಿರುವುತ್ತಿದ್ದಳು. ಇಂಗ್ಲಿಷಿನ ಒಂದು ಸಾಲನ್ನೂ ಓದುತ್ತಿರಲಿಲ್ಲ. ಬಟ್ಟೆಗೆ ಗುಂಡಿ ಹಿಡಿದು ನೋಡುವ ಹಾಗೆ, ಚಿತ್ರಕ್ಕೆ ಚಿತ್ರ ಹಿಡಿದು ನೋಡುತ್ತಿದ್ದಳು. ಅಲ್ಲ, ಅಲ್ಲ, ಅಲ್ಲ. ಹಾಗೆ ಅಲ್ಲವೆನ್ನುತ್ತ ಹೋದವಳು ಒಂದು ಕಡೆ ನಿಂತಳು. ಎಡಗಡೆ ಎಂಟು, ಎದುರೆದುರಿಗೆ ಬಲಗಡೆ ಎಂಟು, ನಡುವೆ ಸಾಲಾಗಿ ಎಂಟು ತ್ರಿಕೋನ. ಒಂದು ಮೂಲೆ ಭೂಮಿಗೆ, ಇನ್ನೊಂದು ಮೂಲೆ ವಿದ್ಯುತ್ತಿಗೆ.

"ಇದನ್ನ ನೋಡಪ್ಪ," ಎಂದು ಮೆಕ್ಯಾನಿಕ್ಕನಿಗೆ ಕೊಟ್ಟಳು.

ಅವನು ಹಾಳೆ ನೋಡಿದ. ಚೀಟಿ ನೋಡಿದ. ಕಾಲು ಕಾಲಿಗೂ ಬೆರಳಿಟ್ಟು ಎಣಿಸಿದ. ಆಮೇಲೆ ತನ್ನ ಚೀಲಕ್ಕೆ ಕೈಹಾಕಿ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಅದರಲ್ಲಿ ಅದೇ ಚಿಪ್ಪು ಆರಿದ್ದವು.

"ಅಮ್ಮ, ಇದನ್ನ ನಾನು ದಿನಾ ಹೊತ್ಕೊಂಡು ತಿರುಗ್ತೀನಿ. ಬಾಗಿಲ ಗಂಟೆಗೂ ಇದೇ, ನೀರೆತ್ತೋ ಪಂಪಿಗೂ ಇದೇ. ಸಂತೇಲಿ ಹಿಡಿಗಟ್ಟಲೆ ಕೊಡ್ತಾರೆ."

ರಾಯರು ಹತ್ತಿರವಿದ್ದ ಎಂಟು ಕಾಲಿನ ಗುಡ್ಡೆಯ ಮೇಲೆಯೇ ಕುಳಿತುಬಿಟ್ಟರು.

"ಸಾಧ್ಯವಿಲ್ಲ," ಎಂದರು. "ಅದಕ್ಕೆ ಕಾವಲುಗಾರ ಇದ್ದ. ಕೋಣೆಗೆ ಎರಡು ಬೀಗ ಇತ್ತು."

"ಇರತ್ತೆ ಸಾರ್. ಒಳಗೆ ಏನೂ ಇಲ್ಲ ಅಂತ ಗೊತ್ತಾಗಬಾರದಲ್ಲ."

ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೆ ಆ ಮಾತು ನೇರವಾಗಿ ಹೋಗಿ ಇಪ್ಪತ್ತೆರಡು ವರ್ಷಗಳ ಮಧ್ಯಾಹ್ನಗಳ ಮೇಲೆ ಕುಳಿತಿತು. ಮುಖ್ಯ ಎಂಜಿನಿಯರರ ಗಂಭೀರ ಮುಖ, ಕನ್ನಡಕ ತೆಗೆದಿಟ್ಟು ಉಜ್ಜಿದ ಸಾವಿರಾರು ಬೆನ್ನುಗಳು, ಮನೆಯಲ್ಲಿ ಹೆಂಡತಿ "ಆಫೀಸಿನಲ್ಲಿ ಏನು ಕೆಲಸ?" ಎಂದಾಗಲೆಲ್ಲ "ಹೇಳುವಂತಿಲ್ಲ" ಎಂದು ಬೀಗಿದ್ದು, ಎಲ್ಲ ಒಟ್ಟಿಗೆ ನೆನಪಾದವು. ಪಾಪ, ಅವಳು ಅದನ್ನು ನಂಬಿ, ನೆರೆಹೊರೆಯವರಿಗೂ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು.

"ಹಾಕಿಬಿಡಪ್ಪ ಹಾಗಾದ್ರೆ," ಎಂದಳು ಅಕ್ಕ.

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಅಮ್ಮ, ಕಾರ್ಯದರ್ಶಿಗಳು ಹೇಳಿಬಿಟ್ಟಿದ್ದಾರೆ. ಬೋರ್ಡು ಸುಟ್ರೆ ನನ್ನ ತಲೆಗೆ ಬರತ್ತೆ. ಇದು ಇಂಥದೇ ಚಿಪ್ಪು ಅಂತ ತಿಳಿದವರು ಬರೆದುಕೊಡಬೇಕಂತೆ. ತಿಳಿದವರು ಅಂದ್ರೆ..." ಅವನು ರಾಯರ ಕಡೆ ನೋಡಿದ.

"ನಾನು ಬರೆಯುವಂತಿಲ್ಲ," ಎಂದರು ರಾಯರು. "ಹಾಳೆ ಹುಡುಕುವುದು ಬೇರೆ, ರುಜು ಹಾಕಿ ಹೇಳುವುದು ಬೇರೆ. ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ."

"ಯಾರಿಗೋ? ಆ ಕಂಪನಿ ಎಲ್ಲಿದೆ?"

"ಕಂಪನಿ ಇಲ್ಲದಿದ್ದರೇನು ಅಕ್ಕ, ನಾನಿದ್ದೇನಲ್ಲ."

ಅಕ್ಕ ರೇಗಲಿಲ್ಲ. ತೊಡೆಯ ಮೇಲಿನ ಹಾಳೆಗಳನ್ನು ತಟ್ಟಿ ಅಂಚು ಸರಿಮಾಡಿ ಕೆಳಗಿಟ್ಟಳು. ಸೆರಗಿನ ತುದಿಯಿಂದ ಅಂಗಡಿಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು.

"ಸರಿ. ಇದನ್ನ ಕಾರ್ಯದರ್ಶಿಗಳಿಗೆ ಕೊಟ್ಟುಬಿಡು. ಗುಂಡಿಗಳನ್ನ ಬೇರೆ ಬೇರೆ ಮಾಡದೆ ಒಟ್ಟಿಗೇ ಸುರಿದು ಯಾರಿಗಾದ್ರೂ ಕೊಡೋಕೆ ಹೇಳು. ನಾನು ಇಲ್ಲೇ ನಿನ್ನ ಗುಟ್ಟು ಕಾಯ್ಕೊಂಡು ಕೂತಿರ್ತೀನಿ. ಹೇಗೂ ಅದನ್ನ ಕಾಯೋಕೆ ಇಬ್ಬರಾದ್ರೂ ಬೇಕು, ಅಷ್ಟು ದೊಡ್ಡದು."

ರಾಯರು ಬೀಗದ ಕೈಯನ್ನೇ ನೋಡುತ್ತ ಕುಳಿತರು. ಮೆಕ್ಯಾನಿಕ್ ಗೋಡೆ ನೋಡತೊಡಗಿದ. ಅಡುಗೆಮನೆಯಲ್ಲಿ ಹದಿನಾರು ಕಾಲಿನ ಗುಡ್ಡೆಯೊಂದು ಜಾರಿ ಬಿದ್ದ ಸದ್ದು ಕೇಳಿಸಿತು.

"ಬಿಳಿ ಕಾಗದ ಒಂದು ಕೊಡು," ಎಂದರು ರಾಯರು ಕಡೆಗೆ. ಅಷ್ಟೊಂದು ಕಾಗದದ ನಡುವೆ ಬರೆಯದ ಕಾಗದ ಸಿಗುವುದಕ್ಕೆ ಐದು ನಿಮಿಷ ಹಿಡಿಯಿತು. ರಾಯರು ಕನ್ನಡಕ ಹಾಕಿಕೊಂಡರು. ದುಂಡಗಿನ ಅಕ್ಷರದಲ್ಲಿ ಚಿಪ್ಪಿನ ನಂಬರು ಬರೆದು, ಅದರಡಿ, "ಇದು ಸಾಮಾನ್ಯವಾದ ಚಿಪ್ಪು. ಎಲ್ಲ ಕಡೆ ಸಿಗುತ್ತದೆ. ಇದನ್ನು ನಾನು ಖಚಿತವಾಗಿ ಬಲ್ಲೆ" ಎಂದು ಬರೆದರು. "ಸಾಮಾನ್ಯವಾದ" ಎಂಬಲ್ಲಿ ಲೇಖನಿ ಸ್ವಲ್ಪ ತಡೆಯಿತು. ಆಮೇಲೆ ರುಜು ಹಾಕಿದರು.

ಹಳೆಯದನ್ನು ಬಿಡಿಸಿ ಹೊಸದನ್ನು ಬೆಸುಗೆ ಹಾಕಲು ಮೆಕ್ಯಾನಿಕ್ಕನಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಐದು ವಾರ ಸುಮ್ಮನಿದ್ದ ಲಿಫ್ಟು ಒಮ್ಮೆ ಕೆಮ್ಮಿ, ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವಿನ ತನ್ನ ವಾಸವನ್ನು ಬಿಟ್ಟು, ನಾಲ್ಕಕ್ಕೆ ಬಂದು ಬಾಗಿಲು ತೆರೆಯಿತು. ಅಕ್ಕ ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿದ್ದಳು. ಮೊದಲು ಖಾಲಿ ಓಡಿಸಿ ನೋಡೋಣವೆಂದು ಮೆಕ್ಯಾನಿಕ್ ಎಷ್ಟು ಹೇಳಿದರೂ ಕೇಳಲಿಲ್ಲ.

"ನಮ್ಮ ತಮ್ಮ ಬರೆದುಕೊಟ್ಟಿದ್ದಾನಪ್ಪ," ಎಂದು ಒಳಗೆ ಕಾಲಿಟ್ಟಳು.

ಭಾನುವಾರದ ಸಭೆಯಲ್ಲಿ ಮಾತಾಡಲು ವಿಷಯವೇ ಉಳಿಯಲಿಲ್ಲ. ಕಾರ್ಯದರ್ಶಿಗಳು ಎಲ್ಲರಿಗಿಂತ ಮೊದಲು ಎದ್ದು ರಾಯರ ಅಪಾರ ವಿದ್ವತ್ತನ್ನು ಕೊಂಡಾಡಿದರು. ಇಷ್ಟೊಂದು ಅಪರೂಪದ ಚಿಪ್ಪನ್ನು ಅವರಲ್ಲದೆ ಇನ್ನಾರು ಪತ್ತೆಹಚ್ಚುತ್ತಿದ್ದರು ಎಂದರು. ಅವರು ಕಾಗದವನ್ನು ಓದಿರಲಿಲ್ಲ. ರುಜು ಮಾತ್ರ ನೋಡಿದ್ದರು. ರಾಯರು ತಿದ್ದಬೇಕೆಂದು ಬಾಯಿ ತೆರೆದರು. ಚಪ್ಪಾಳೆ ಬಿದ್ದದ್ದರಿಂದ ಮುಚ್ಚಿದರು.

ಮುಂದಿನ ವಾರ ವಾದ್ಯ ರಿಪೇರಿಯವನಿಂದ ಒಂದು ಕಾಗದ ಬಂತು. ಇಪ್ಪತ್ತೆಂಟು ಕಾಲಿನ ಒಂದು ಚಿಪ್ಪಿನ ಹಾಳೆ ಬೇಕಾಗಿತ್ತು. ರಾಯರು ಮೊದಲನೆಯ ಬೀರು ತೆರೆದರು, ಅಲ್ಲಿ ದಿಂಬಿನ ಹೊದಿಕೆಗಳಿದ್ದವು. ಎರಡನೆಯದರಲ್ಲಿ ಹದಿನಾಲ್ಕು ಕಾಲಿನವು. ಮೂರನೆಯದರಲ್ಲಿ ಇಪ್ಪತ್ತರವರೆಗೆ ಬಂದು ನಿಂತುಹೋಗಿತ್ತು. ಮಂಚದ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಮೊದಲ ಬಾರಿಗೆ ನೆಲ ಕಾಣಿಸಿತು. ಒಂದು ಚೀಟಿಯೂ ಎಲ್ಲಿಯೂ ಇರಲಿಲ್ಲ. ಒಂದು ಗಂಟೆ ತಡಕಾಡಿ, ಕೊನೆಗೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಲಿಫ್ಟಿನಲ್ಲಿ ಕೆಳಗಿಳಿದರು.

ಗುಂಡಿಯ ಅಂಗಡಿಯ ಮುಂದೆ ಮೂವರು ದರ್ಜಿಗಳು, ಮಗುವಿನ ಸ್ವೆಟರು ಹಿಡಿದ ಒಬ್ಬ ಹೆಂಗಸು.

"ಅಕ್ಕ, ಇಪ್ಪತ್ತೆಂಟು ಕಾಲಿನವು ಎಲ್ಲಿವೆ?"

ದರ್ಜಿಗಳು ತಿರುಗಿ ನೋಡಿದರು. ಅಕ್ಕ ತಿರುಗಲಿಲ್ಲ, ಸ್ವೆಟರಿಗೆ ಒಂದು ಹಳದಿ ಗುಂಡಿ ಹಿಡಿದು ನೋಡುತ್ತಿದ್ದಳು.

"ಸ್ವಲ್ಪ ನಿಂತ್ಕೋ," ಎಂದಳು. "ಇವರು ನಿನಗಿಂತ ಮೊದಲು ಬಂದಿದ್ದಾರೆ."

ರಾಯರು ಸ್ವೆಟರಿನ ಹೆಂಗಸಿನ ಹಿಂದೆ ಸಾಲಿನಲ್ಲಿ ನಿಂತರು.